ಹೂವಿನ ಬಣ್ಣ, ಬೆಳಕಿನ ಮೆಟ್ಟಿಲು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಂಬತ್ತನೇ ತರಗತಿಯ ಕೋಣೆಯಲ್ಲಿ ನಾನು ತೆಗೆದ ನಲವತ್ತು ಹೂವಿನ ಚಿತ್ರಗಳನ್ನು ಸಮಿತಿಯವರು ತೂಗುಹಾಕಿದ್ದಾರೆ. ನಿನ್ನೆಯಿಂದ ನೋಡಿ ಬಂದವರೆಲ್ಲ ಹೇಳುವ ಮಾತು ಒಂದೇ: "ಎಂಥಾ ಬಣ್ಣ ಬಂದಿದೆ ಮಾರಾಯ್ರೇ!" ಕೇಳಿ ಸಂತೋಷವಾಯಿತು. ಆದರೆ ಆ ಬಣ್ಣಗಳಲ್ಲಿ ಒಂದಷ್ಟು ನನ್ನ ಕಣ್ಣಿಗೆ ನಿಮಗೆ ಕಂಡಂತೆ ಕಾಣುವುದಿಲ್ಲ. ನನಗೆ ಹುಟ್ಟಿನಿಂದ ಕೆಂಪು-ಹಸಿರಿನ ಬಣ್ಣಗುರುಡು ಇದೆ. ಪುಸ್ತಕದ ಭಾಷೆಯಲ್ಲಿ ವರ್ಣಾಂಧತೆ. ಬಣ್ಣ ಸರಿಯಾಗಿ ಕಾಣದವನು ಹೂವಿನ ಫೋಟೋ ತೆಗೆಯುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ಅದನ್ನೇ ಹೇಳೋಣ ಎಂದು ಬಂದಿದ್ದೇನೆ. ಈ ಮಾತು ಫೋಟೋ ತೆಗೆಯುವವರಿಗೆ ಮಾತ್ರ ಸೇರಿದ್ದಲ್ಲ. ಮುಂದಿನ ಸಾಲಿನಲ್ಲಿ ಕೂತ ಈ ಮಕ್ಕಳಲ್ಲೂ ನನ್ನಂಥ ಕಣ್ಣಿನವರು ಇರಬಹುದು.

ಮೊದಲು ನಮ್ಮ ಶಾಲೆಯದೇ ಎರಡು ಚಿತ್ರಗಳನ್ನು ನೋಡಿ. ಕಚೇರಿಯ ಕೋಣೆಯಲ್ಲಿ ಎಸ್‌ಎಸ್‌ಎಲ್‌ಸಿ ಮೊದಲ ತಂಡದ ಕಪ್ಪು-ಬಿಳುಪು ಗುಂಪುಚಿತ್ರವಿದೆ. ಹೆಚ್ಚುಕಡಿಮೆ ಐವತ್ತು ವರ್ಷವಾಯಿತು. ಈಗಲೂ ಒಬ್ಬೊಬ್ಬರ ಮುಖವೂ ಸ್ಪಷ್ಟ, ಅಂಗಿಯ ಗುಂಡಿ ಎಣಿಸಬಹುದು. ಅದರ ಪಕ್ಕದಲ್ಲಿ, ಬೀರುವಿನ ಆಲ್ಬಮ್‌ನಿಂದ ತೆಗೆದ, ಅದಕ್ಕಿಂತ ಹತ್ತು ಹದಿನೈದು ವರ್ಷ ಈಚಿನ ಕಲರ್ ಫೋಟೋ ಇಟ್ಟಿದ್ದಾರೆ. ಶಾಲೆಯ ವಾರ್ಷಿಕೋತ್ಸವದ್ದು. ಅದು ಪೂರ್ತಿ ಕೆಂಪಾಗಿದೆ, ಮುಖಗಳು ಮಾಸಿವೆ. ಹೊಸದು ಹಾಳಾಗಿದೆ, ಹಳೆಯದು ಗಟ್ಟಿಯಾಗಿದೆ.

ಇದಕ್ಕೆ ಕಾರಣವಿದೆ. ಕಪ್ಪು-ಬಿಳುಪಿನ ಚಿತ್ರದಲ್ಲಿ ಕಾಗದದ ಮೇಲಿರುವುದು ಬೆಳ್ಳಿಯ ಸಣ್ಣ ಕಣಗಳು. ಚೆನ್ನಾಗಿ ತೊಳೆದಿದ್ದರೆ ಅವು ನೂರು ವರ್ಷಕ್ಕೂ ಅಲುಗುವುದಿಲ್ಲ. ಕಲರ್ ಚಿತ್ರದಲ್ಲಿರುವುದು ಮೂರು ಪದರದ ಸಾವಯವ ಬಣ್ಣ: ಹಳದಿ, ಕೆನ್ನೇರಳೆಯಂಥ ಮಜೆಂಟಾ, ಹಸಿರುಮಿಶ್ರಿತ ನೀಲಿಯಾದ ಸಯಾನ್. ಆ ಕಾಲದ ಕಾಗದಗಳಲ್ಲಿ ಸಯಾನ್ ಬಣ್ಣ ಬಲಹೀನವಾಗಿತ್ತು. ಬೀರುವಿನ ಕತ್ತಲಲ್ಲಿ ಇಟ್ಟರೂ ಅದು ಮೊದಲು ಮಾಸುತ್ತದೆ. ಸಯಾನ್ ಹೋದರೆ ಉಳಿಯುವುದು ಕೆಂಪು. ನಿಮ್ಮ ಮನೆಗಳಲ್ಲಿರುವ ಮೂವತ್ತು ನಲವತ್ತು ವರ್ಷ ಹಿಂದಿನ ಮದುವೆ ಆಲ್ಬಮ್‌ಗಳೂ ಕೆಂಪಗಾಗಿರುವುದು ಇದರಿಂದಲೇ.

ಹಾಗಾದರೆ ಆ ಕಪ್ಪು-ಬಿಳುಪು ಚಿತ್ರದಲ್ಲಿ ಇಷ್ಟು ಕಾಲ ಉಳಿದದ್ದು ಏನು? ಬಣ್ಣ ಅದರಲ್ಲಿ ಮೊದಲೇ ಇರಲಿಲ್ಲ. ಉಳಿದದ್ದು ಬೆಳಕಿನ ಏರಿಳಿತ. ಎಲ್ಲಿ ಎಷ್ಟು ಬೆಳಕು, ಎಲ್ಲಿ ಎಷ್ಟು ನೆರಳು ಎಂಬ ಲೆಕ್ಕ. ಫೋಟೋದವರು ಇದನ್ನು ಟೋನ್ ಎನ್ನುತ್ತಾರೆ. ನಾನು ಬೆಳಕಿನ ಮೆಟ್ಟಿಲು ಎನ್ನುತ್ತೇನೆ. ಅಚ್ಚ ಕಪ್ಪು ಕೆಳಗಿನ ಮೆಟ್ಟಿಲು, ಅಚ್ಚ ಬಿಳಿ ಮೇಲಿನದು, ನಡುವೆ ಬೂದಿಯ ಹಲವು ಮೆಟ್ಟಿಲುಗಳು.

ಕನ್ನಡಕ್ಕೆ ಈ ವಿಷಯ ಹೊಸತಲ್ಲ. ನಾವು ಬರೀ ಹಳದಿ ಎನ್ನುವುದಿಲ್ಲ, ತಿಳಿಹಳದಿ ಎನ್ನುತ್ತೇವೆ. ಬರೀ ಕೆಂಪು ಎನ್ನುವುದಿಲ್ಲ, ನಸುಗೆಂಪು, ಕಡುಗೆಂಪು ಎನ್ನುತ್ತೇವೆ. ಎಳೆಹಸಿರು ಎನ್ನುತ್ತೇವೆ, ದಟ್ಟ ಹಸಿರು ಎನ್ನುತ್ತೇವೆ. ಇಲ್ಲಿ ಹಳದಿ, ಕೆಂಪು, ಹಸಿರು ಎಂಬವು ಬಣ್ಣದ ಹೆಸರು. ಮುಂದೆ ಸೇರಿದ ತಿಳಿ, ನಸು, ಕಡು, ದಟ್ಟ ಎಂಬವು ಟೋನಿನ ಹೆಸರು. ಸೀರೆ ಅಂಗಡಿಯಲ್ಲಿ ನಮ್ಮ ಅಮ್ಮಂದಿರು "ಇದೇ ಬಣ್ಣದಲ್ಲಿ ಸ್ವಲ್ಪ ತಿಳಿಯಾದದ್ದು ತೋರಿಸಿ" ಎಂದಾಗ ಅವರು ಟೋನಿನ ಮಾತನ್ನೇ ಆಡುತ್ತಿದ್ದರು. ನನ್ನ ಕಣ್ಣಿಗೆ ಹೆಸರಿನ ಹಿಂದಿನ ಭಾಗ ಅಷ್ಟಿಷ್ಟು, ಮುಂದಿನ ಭಾಗ ಪೂರ್ತಿ ಕಾಣುತ್ತದೆ.

ನನ್ನ ಕಣ್ಣಿನ ವಿಷಯ ನನಗೇ ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಚಿಕ್ಕವನಿದ್ದಾಗ ಮನೆಯಲ್ಲಿ ಕಾಳುಮೆಣಸು ಕೊಯ್ಯಲು ಕಳಿಸುತ್ತಿದ್ದರು. ಗೊನೆಯಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಯಬೇಕು ಎಂಬುದು ನಿಮಗೆಲ್ಲ ಗೊತ್ತು. ನನ್ನ ತಮ್ಮ ಕೆಳಗಿನಿಂದಲೇ ನೋಡಿ "ಅಲ್ಲಿ ಹಣ್ಣಾಗಿದೆ" ಎಂದು ಕೈ ತೋರಿಸುತ್ತಿದ್ದ. ನನಗೆ ಏಣಿ ಹತ್ತಿ ಮುಖದ ಹತ್ತಿರ ಹಿಡಿದರೂ ಕಾಳೆಲ್ಲ ಒಂದೇ ಥರ. ಸೋಮಾರಿ ಎಂಬ ಹೆಸರು ಬಂತು. ಇದೇ ಶಾಲೆಯಲ್ಲಿ ಎಂಟನೇ ತರಗತಿಯ ಡ್ರಾಯಿಂಗ್ ಕ್ಲಾಸಿನಲ್ಲಿ ಮಾವಿನ ಎಲೆಗೆ ಕಂದು ಬಣ್ಣ ಹಚ್ಚಿ ಕೊಟ್ಟೆ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ, ಹೊಡೆಯಲೂ ಇಲ್ಲ. ಮಾರನೆಯ ದಿನ ನನ್ನ ಬಣ್ಣದ ಪೆನ್ಸಿಲುಗಳಿಗೆ ಒಂದೊಂದು ಚೀಟಿ ಅಂಟಿಸಿ ಅದರ ಮೇಲೆ ಬಣ್ಣದ ಹೆಸರು ಬರೆದುಕೊಟ್ಟರು. ಆಮೇಲೆ ಬರೀ ಪೆನ್ಸಿಲಿನಿಂದ ತಂಬಿಗೆ, ಕೊಡ, ಬೆಳಗಿನ ಹೊತ್ತು ಕಿಟಕಿಯ ಪಕ್ಕದಲ್ಲಿಟ್ಟ ಹೂಜಿ, ಇವುಗಳ ನೆರಳು ಬರೆಯುವ ಅಭ್ಯಾಸ ಮಾಡಿಸಿದರು. ಅವರಿಗೆ ಈ ವಿಷಯದ ವೈದ್ಯಕೀಯ ಹೆಸರು ಗೊತ್ತಿತ್ತೋ ಇಲ್ಲವೋ, ಮಾಡಬೇಕಾದದ್ದು ಗೊತ್ತಿತ್ತು.

ಇಪ್ಪತ್ತನೆಯ ವಯಸ್ಸಿನಲ್ಲಿ ಒಂದು ಸರ್ಕಾರಿ ಕೆಲಸದ ಬರವಣಿಗೆ ಪರೀಕ್ಷೆಯಲ್ಲಿ ಪಾಸಾದೆ. ಮನೆಯಲ್ಲಿ ಪಾಯಸ ಮಾಡಿದ್ದರು. ವೈದ್ಯಕೀಯ ಪರೀಕ್ಷೆಯಲ್ಲಿ ಡಾಕ್ಟರು ಒಂದು ಪುಸ್ತಕ ಮುಂದಿಟ್ಟರು. ಪುಟದ ತುಂಬ ಬಣ್ಣದ ಚುಕ್ಕೆಗಳು, ಅವುಗಳ ನಡುವೆ ಒಂದು ಅಂಕಿ ಅಡಗಿರುತ್ತದಂತೆ. ನನಗೆ ಬರೀ ಚುಕ್ಕೆಗಳೇ ಕಂಡವು. ಜಪಾನಿನ ಶಿನೊಬು ಇಶಿಹಾರಾ ಎಂಬ ವೈದ್ಯರು 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು, ಇಂದಿಗೂ ಪ್ರಪಂಚದಾದ್ಯಂತ ಬಳಸುತ್ತಾರೆ. ಐದು ನಿಮಿಷದ ಆ ಪರೀಕ್ಷೆಯಲ್ಲಿ ಕೆಲಸ ಹೋಯಿತು. ಸಿಗ್ನಲ್ ದೀಪ ನೋಡಬೇಕಾದ ಕೆಲಸಕ್ಕೆ ನನ್ನ ಕಣ್ಣು ಸಲ್ಲದು, ಆ ನಿಯಮ ಸರಿಯೇ. ಎಂಟನೇ ತರಗತಿಯಲ್ಲೇ ಯಾರಾದರೂ ಆ ಪುಸ್ತಕ ತೋರಿಸಿದ್ದರೆ ಆ ಕೆಲಸದ ಆಸೆಯಲ್ಲಿ ಮೂರು ವರ್ಷ ಓದುತ್ತಿರಲಿಲ್ಲ, ಬೇರೆ ದಾರಿ ನೋಡಿಕೊಳ್ಳುತ್ತಿದ್ದೆ. ಅಷ್ಟೇ ನನ್ನ ಸಂಕಟ.

ತಾಲ್ಲೂಕು ಕೇಂದ್ರದ ಒಂದು ಫೋಟೋ ಸ್ಟುಡಿಯೋದಲ್ಲಿ ಕತ್ತಲೆಕೋಣೆಯ ಸಹಾಯಕನಾಗಿ ಸೇರಿದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಫಿಲ್ಮು ನಡೆಯುತ್ತಿದ್ದ ಕಾಲ. ಕಪ್ಪು-ಬಿಳುಪಿನ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲವಾದ್ದರಿಂದ ಆ ಕೋಣೆಯಲ್ಲಿ ಕೆಂಪು ದೀಪ ಒಂದೇ ಉರಿಯುತ್ತಿತ್ತು. ಒಳಗೆ ಹೋದ ಮೇಲೆ ಯಾರಿಗೂ ಬಣ್ಣ ಕಾಣುವುದಿಲ್ಲ, ಎಲ್ಲರೂ ನನ್ನಂತೆಯೇ. ಟ್ರೇಯಲ್ಲಿ ಕಾಗದ ಅಲ್ಲಾಡಿಸುತ್ತಾ ಮುಖದ ನೆರಳು ಎಷ್ಟು ಕಪ್ಪಾದಾಗ ಎತ್ತಬೇಕು ಎಂದು ನೋಡುವುದೇ ಕೆಲಸ. ಮೇಷ್ಟ್ರು ಹೂಜಿಯ ನೆರಳು ಬರೆಸಿದ್ದು ಅಲ್ಲಿ ಅನ್ನ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಸ್ವಂತ ಸ್ಟುಡಿಯೋ ಇಟ್ಟೆ. ಹೊಟ್ಟೆಪಾಡಿಗೆ ಮದುವೆ ಫೋಟೋ, ಬಿಡುವಿದ್ದಾಗ ಬ್ಯಾಣ, ಕೆರೆದಂಡೆ, ಸೊಪ್ಪಿನಬೆಟ್ಟದಲ್ಲಿ ಹೂವಿನ ಫೋಟೋ.

ನನ್ನ ಕಣ್ಣಿನಂಥ ಕಣ್ಣಿನ ಮೊದಲ ವೈಜ್ಞಾನಿಕ ವರ್ಣನೆ ಬರೆದವರ ಹೆಸರು ಈ ಮಕ್ಕಳಿಗೆ ಗೊತ್ತಿದೆ. ಪರಮಾಣು ಸಿದ್ಧಾಂತದ ಪಾಠದಲ್ಲಿ ಬರುವ ಜಾನ್ ಡಾಲ್ಟನ್ ಅವರೇ. ಅವರಿಗೆ ಇದು ತಿಳಿದದ್ದು ಒಂದು ಹೂವಿನಿಂದ. 1792ರಲ್ಲಿ ಅವರು ಒಂದು ಜೆರೇನಿಯಂ ಹೂವನ್ನು ಮೋಂಬತ್ತಿಯ ಬೆಳಕಿನಲ್ಲಿ ನೋಡಿದರು. ಹಗಲಲ್ಲಿ ಆಕಾಶನೀಲಿಯಂತೆ ಕಂಡ ಹೂವು ಆಗ ಕೆಂಪಾಗಿ ಕಂಡಿತು. ಉಳಿದವರನ್ನು ಕೇಳಿದರೆ ಅವರಿಗೆ ಹಗಲಲ್ಲೂ ರಾತ್ರಿಯಲ್ಲೂ ಅದು ಗುಲಾಬಿ ಬಣ್ಣದ ಹೂವೇ. ಡಾಲ್ಟನ್ ಅವರಂತೆ ಕಂಡದ್ದು ಅವರ ಅಣ್ಣನಿಗೆ ಮಾತ್ರ. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ ಸಭೆಯಲ್ಲಿ ಅವರು ಇದರ ಬಗ್ಗೆ ಪ್ರಬಂಧ ಓದಿದರು. ತಮ್ಮ ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು ಎಂಬುದು ಅವರ ಊಹೆ. ತಾನು ಸತ್ತ ಮೇಲೆ ಕಣ್ಣು ತೆರೆದು ನೋಡಿ ಎಂದು ಹೇಳಿಟ್ಟಿದ್ದರು. 1844ರಲ್ಲಿ ನೋಡಿದಾಗ ದ್ರವ ತಿಳಿಯಾಗಿಯೇ ಇತ್ತು. ಆ ಕಣ್ಣನ್ನು ಹಾಗೆಯೇ ಕಾದಿಟ್ಟಿದ್ದರು. 1995ರಲ್ಲಿ ಅದರ ಡಿಎನ್‌ಎ ಪರೀಕ್ಷಿಸಿದಾಗ ಉತ್ತರ ಸಿಕ್ಕಿತು: ಬಣ್ಣ ಗುರುತಿಸುವ ಮೂರು ಬಗೆಯ ಶಂಕುಕೋಶಗಳಲ್ಲಿ ಹಸಿರಿನ ಭಾಗಕ್ಕೆ ಹೆಚ್ಚು ಸ್ಪಂದಿಸುವ ಒಂದು ಬಗೆ ಅವರಲ್ಲಿ ಇರಲಿಲ್ಲ.

ಈಗ ಹೂವಿನ ಚಿತ್ರಕ್ಕೆ ಬರೋಣ. ಎಲ್ಲರ ಮನೆಯಂಗಳದಲ್ಲೂ ಇರುವ ಕೆಂಪು ದಾಸವಾಳವನ್ನೇ ತೆಗೆದುಕೊಳ್ಳಿ. ಕಡುಹಸಿರು ಎಲೆಗಳ ನಡುವೆ ಅದು ದೂರದಿಂದಲೇ ಎದ್ದು ಕಾಣುತ್ತದೆ ಎಂದು ನೀವು ಹೇಳುತ್ತೀರಿ. ನನಗೆ ಅದು ಎಲೆಗಳಲ್ಲಿ ಅಡಗಿ ಕೂತಿರುತ್ತದೆ. ನಿಮಗೂ ಹಾಗೆ ಕಾಣಬೇಕೆಂದಿದ್ದರೆ ಫೋನಿನಲ್ಲಿ ಆ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ. ಹೂವು ಮಾಯ.

ಇದನ್ನು ಲೆಕ್ಕ ಮಾಡಿಯೂ ತೋರಿಸಬಹುದು. ಗಣಿತದ ಮೇಷ್ಟ್ರು ಇದ್ದಾರೆ, ತಪ್ಪಿದರೆ ತಿದ್ದಲಿ. ಕಂಪ್ಯೂಟರಿನಲ್ಲಿ ಚಿತ್ರದ ಪ್ರತಿ ಚುಕ್ಕೆಗೂ ಮೂರು ಅಂಕಿಗಳಿರುತ್ತವೆ: ಕೆಂಪು, ಹಸಿರು, ನೀಲಿ. ಒಂದೊಂದೂ ಸೊನ್ನೆಯಿಂದ 255ರವರೆಗೆ. ಒಂದು ದಾಸವಾಳದ ಎಸಳು ಕೆಂಪು 200, ಹಸಿರು 20, ನೀಲಿ 30 ಎಂದಿರಲಿ. ಪಕ್ಕದ ಎಲೆ ಕೆಂಪು 60, ಹಸಿರು 95, ನೀಲಿ 40 ಎಂದಿರಲಿ. ಕಪ್ಪು-ಬಿಳುಪು ಮಾಡುವಾಗ ಸಾಮಾನ್ಯವಾಗಿ ಕೆಂಪಿನ ನೂರಕ್ಕೆ 30, ಹಸಿರಿನ ನೂರಕ್ಕೆ 59, ನೀಲಿಯ ನೂರಕ್ಕೆ 11 ಪಾಲು ಕೂಡಿಸುತ್ತಾರೆ. ಎಸಳಿಗೆ 60, 12, 3 ಸೇರಿ 75. ಎಲೆಗೆ 18, 56, 4 ಸೇರಿ 78. ಎರಡೂ ಹೆಚ್ಚುಕಡಿಮೆ ಒಂದೇ ಮೆಟ್ಟಿಲಿನಲ್ಲಿ ನಿಂತಿವೆ. ಅದೇ ಒಂದು ಹಳದಿ ಚೆಂಡುಹೂವು ಕೆಂಪು 240, ಹಸಿರು 200, ನೀಲಿ 30 ಎಂದಿದ್ದರೆ ಮೊತ್ತ 193. ಎಲೆಗಿಂತ ಎಷ್ಟೋ ಮೆಟ್ಟಿಲು ಮೇಲೆ. ಚೆಂಡುಹೂವು ನನಗೂ ದೂರದಿಂದಲೇ ಕಾಣುತ್ತದೆ.

ಬಣ್ಣ ಪೂರ್ತಿ ಕಾಣುವವರ ಹೂವಿನ ಚಿತ್ರಗಳು ಹಲವು ಸಲ ಸಪ್ಪೆಯಾಗುವುದು ಇಲ್ಲಿಯೇ. ಕಣ್ಣು ಬಣ್ಣಕ್ಕೆ ಮರುಳಾಗಿ ಮೆಟ್ಟಿಲನ್ನು ನೋಡುವುದಿಲ್ಲ. ನಾನು ದಾಸವಾಳದ ಚಿತ್ರ ತೆಗೆಯುವಾಗ ಹೂವಿಗೂ ಹಿನ್ನೆಲೆಗೂ ಮೆಟ್ಟಿಲಿನ ಅಂತರ ಹುಡುಕುತ್ತೇನೆ. ಸ್ವಲ್ಪ ಪಕ್ಕಕ್ಕೆ ಸರಿದರೆ ಹಿಂದೆ ಕೊಟ್ಟಿಗೆಯ ಕತ್ತಲು ಬರುತ್ತದೆ, ಹೂವು ಎದ್ದು ನಿಲ್ಲುತ್ತದೆ. ಬಗ್ಗಿ ನೋಡಿದರೆ ಹಿಂದೆ ಬೆಳಗಿನ ಮಂಜಿನ ಬಿಳುಪು ಬರುತ್ತದೆ. ಬೆಳಕು ಹಿಂದಿನಿಂದ ಬಂದರೆ ಎಸಳು ದೀಪದಂತೆ ಹೊಳೆಯುತ್ತದೆ. ಕಪ್ಪು-ಬಿಳುಪು ಫಿಲ್ಮಿನ ಕಾಲದಲ್ಲಿ ಲೆನ್ಸಿನ ಮುಂದೆ ಕೆಂಪು ಫಿಲ್ಟರ್ ಹಾಕುತ್ತಿದ್ದೆವು. ಅದು ಕೆಂಪು ಹೂವನ್ನು ಬೆಳ್ಳಗೆ ಮಾಡಿ ಎಲೆಯನ್ನು ಕಪ್ಪಗೆ ಮಾಡುತ್ತಿತ್ತು. ಹಸಿರು ಫಿಲ್ಟರ್ ಹಾಕಿದರೆ ಇದರ ತಿರುಗುಮುರುಗು.

ನಮ್ಮ ಮಲೆನಾಡಿನ ಹಸೆ ಚಿತ್ತಾರದವರಿಗೆ ಇದು ಯಾರೂ ಕಲಿಸದೆ ಗೊತ್ತಿತ್ತು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಮೆಟ್ಟಿಲಿನ ಅಂತರ ಅಷ್ಟು ದೊಡ್ಡದಾದ್ದರಿಂದ ಮಬ್ಬುಗತ್ತಲ ಜಗುಲಿಯಲ್ಲೂ ಚಿತ್ತಾರ ಎದ್ದು ಕಾಣುತ್ತದೆ. ಸಂಡೂರಿನ ಎಂ.ವೈ. ಘೋರ್ಪಡೆಯವರು ನಮ್ಮ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಂದ ಅವರು ದೇಶದಾಚೆಗೂ ಹೆಸರಾದರು. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ 'ಸನ್‌ಲೈಟ್ ಅಂಡ್ ಶ್ಯಾಡೋಸ್', ಬಿಸಿಲು ಮತ್ತು ನೆರಳುಗಳು. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಹೊತ್ತಿಗೆ ಈ ಮೆಟ್ಟಿಲುಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ ಕೊಟ್ಟು ಒಂದು ಪದ್ಧತಿಯನ್ನೇ ಮಾಡಿದರು.

ಮೆಟ್ಟಿಲು ತಿಳಿದರೆ ಕ್ಯಾಮೆರಾದ ಒಂದು ಹಟವೂ ಅರ್ಥವಾಗುತ್ತದೆ. ಬೆಳಕು ಅಳೆಯುವಾಗ ಅದು ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಮಟ್ಟದ ಬೂದಿ ಎಂದುಕೊಳ್ಳುತ್ತದೆ. ಬುಟ್ಟಿ ತುಂಬ ಮಲ್ಲಿಗೆ ಇಟ್ಟು ತೆಗೆದರೆ ಮಲ್ಲಿಗೆ ಕೊಳೆಯಾದಂತೆ ಬೂದಿಯಾಗಿ ಬರುವುದು ಅದಕ್ಕೇ. ಆಗ ಬೆಳಕನ್ನು ಒಂದು ಮೆಟ್ಟಿಲು ಏರಿಸಬೇಕು. ಅದೇ ಕತ್ತಲ ಹಿನ್ನೆಲೆಯಲ್ಲಿ ಒಂದೇ ನಂದಿಬಟ್ಟಲು ಇದ್ದರೆ ಕ್ಯಾಮೆರಾ ಕತ್ತಲನ್ನು ಬೂದಿ ಮಾಡಲು ಹೋಗಿ ಹೂವನ್ನು ಸುಟ್ಟುಬಿಡುತ್ತದೆ. ಆಗ ಇಳಿಸಬೇಕು. ಫೋನಿನಲ್ಲಿ ಹೂವಿನ ಮೇಲೆ ಬೆರಳಿಟ್ಟರೆ ಸಾಮಾನ್ಯವಾಗಿ ಸೂರ್ಯನ ಗುರುತು ಬರುತ್ತದೆ, ಅದನ್ನು ಮೇಲೆ ಕೆಳಗೆ ಎಳೆದರೆ ಸಾಕು.

ಕೆಂಪು ಹೂವಿಗೆ ಇನ್ನೊಂದು ಎಚ್ಚರಿಕೆ. ಅಚ್ಚ ಕೆಂಪಿನ ಎಸಳಿನಲ್ಲಿ ಕೆಂಪಿನ ಅಂಕಿ ಮಾತ್ರ ಓಡಿಹೋಗಿ 255ಕ್ಕೆ ತಾಗುತ್ತದೆ. ಉಳಿದೆರಡು ಕೆಳಗಿರುವುದರಿಂದ ಒಟ್ಟು ಬೆಳಕು ಹೆಚ್ಚಾಗಿದೆ ಎಂದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಎಸಳಿನ ನರ, ಮಡಿಕೆ ಎಲ್ಲ ಅಳಿಸಿಹೋಗಿ ಕೆಂಪು ಪ್ಲಾಸ್ಟಿಕ್ ಆಗುತ್ತದೆ. ಕೆಂಪು ದಾಸವಾಳ, ಕೆಂಪು ಗುಲಾಬಿಗೆ ಅರ್ಧದಿಂದ ಒಂದು ಮೆಟ್ಟಿಲು ಬೆಳಕು ಇಳಿಸಿ ತೆಗೆಯಿರಿ. ನೆತ್ತಿಯ ಬಿಸಿಲಿನಲ್ಲಿ ತೆಗೆಯಬೇಡಿ. ಬಿಸಿಲಿದ್ದರೆ ಯಾರಾದರೂ ಬಿಳಿ ಪಂಚೆಯನ್ನು ಹೂವಿನ ಮೇಲೆ ಚಪ್ಪರದಂತೆ ಹಿಡಿಯಲಿ, ಬೆಳಕು ಮೆತ್ತಗಾಗುತ್ತದೆ.

ಇನ್ನು ಬಣ್ಣ. ಬಣ್ಣ ಹೂವಿನಲ್ಲಿ ಎಷ್ಟಿದೆಯೋ ಅದರ ಮೇಲೆ ಬೀಳುವ ಬೆಳಕಿನಲ್ಲೂ ಅಷ್ಟೇ ಇದೆ. ಸಂಜೆಯ ಬೆಳಕು ಕೆಂಪಿನ ಕಡೆ, ಬಿಸಿಲುಕಾಲದ ಮರದ ನೆರಳಿನ ಬೆಳಕು ನೀಲಿಯ ಕಡೆ, ಅಡಿಕೆ ತೋಟದೊಳಗಿನ ಬೆಳಕು ಎಲೆಗಳಿಂದ ಸೋಸಿ ಹಸಿರಿನ ಕಡೆ. ನಮ್ಮ ಮಿದುಳು ಇದನ್ನೆಲ್ಲ ಸದ್ದಿಲ್ಲದೆ ಸರಿಮಾಡಿಕೊಳ್ಳುತ್ತದೆ. ಕ್ಯಾಮೆರಾ ಊಹೆ ಮಾಡುತ್ತದೆ, ಊಹೆ ತಪ್ಪಬಹುದು. ಇದಕ್ಕೆ ನನ್ನ ಉಪಾಯ ಸರಳ. ಮೊದಲ ಚಿತ್ರದಲ್ಲಿ ಹೂವಿನ ಪಕ್ಕ ಒಂದು ಬಿಳಿ ಕಾಗದ ಹಿಡಿದು ತೆಗೆಯುತ್ತೇನೆ. ಎರಡನೆಯದನ್ನು ಕಾಗದವಿಲ್ಲದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ಕಾಗದದ ಮೂರೂ ಅಂಕಿಗಳು ಸಮ ಬರುವಂತೆ ಮಾಡಿದರೆ ಹೂವಿನ ಬಣ್ಣವೂ ತನ್ನಷ್ಟಕ್ಕೆ ಸರಿಯಾಗುತ್ತದೆ. ಬಣ್ಣ ಕಾಣದ ನನಗೆ ಅಂಕಿ ಕಾಣುತ್ತದಲ್ಲ! ಕೊನೆಯಲ್ಲಿ ನನ್ನ ಹೆಂಡತಿ ಚಿತ್ರವನ್ನೂ ಹೂವನ್ನೂ ಅಕ್ಕಪಕ್ಕ ಹಿಡಿದು ನೋಡಿ ಹೂಂ ಎನ್ನಬೇಕು. ಅವಳು ಹೂಂ ಎನ್ನದ ಒಂದು ಚಿತ್ರವೂ ಆ ಕೋಣೆಯಲ್ಲಿಲ್ಲ.

ಒಳ್ಳೆಯ ಕಣ್ಣಿನವರಿಗೂ ಬಣ್ಣ ಕೈಕೊಡುವುದುಂಟು. ಫಿಲ್ಮಿನ ಕಾಲದಲ್ಲಿ ಕೆಲವು ಜಾತಿಯ ನೀಲಿ ಹೂವುಗಳು ಚಿತ್ರದಲ್ಲಿ ಗುಲಾಬಿಯಾಗಿ ಬರುತ್ತಿದ್ದವು. ತೆಗೆದವರು ಲ್ಯಾಬಿನವರನ್ನು ಬೈಯುತ್ತಿದ್ದರು. ಆ ಹೂವುಗಳು ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ಕಡುಗೆಂಪಿನ ಅಂಚಿನ ಬೆಳಕನ್ನು ಬಹಳ ಪ್ರತಿಫಲಿಸುತ್ತವೆ, ಫಿಲ್ಮು ಅದನ್ನು ಕಂಡು ಕೆಂಪೆಂದು ದಾಖಲಿಸುತ್ತಿತ್ತು. ಜೇನುನೊಣಕ್ಕೆ ಕೆಂಪು ಕೆಂಪಾಗಿ ಕಾಣದು, ಆದರೆ ನಮಗೆ ಕಾಣದ ಅತಿನೇರಳೆ ಕಾಣುತ್ತದೆ. ನಮಗೆ ಒಂದೇ ಬಣ್ಣವಾಗಿ ಕಾಣುವ ಸೂರ್ಯಕಾಂತಿಯ ಎಸಳಿನಲ್ಲಿ ಅದಕ್ಕೆ ಎರಡು ಬಣ್ಣ ಕಾಣುತ್ತದೆ. ಕೊಟ್ಟಿಗೆಯ ದನಗಳಿಗೆ ಇರುವುದು ಎರಡೇ ಬಗೆಯ ಶಂಕುಕೋಶ. ಹೋರಿ ಬೆದರುವುದು ಬಟ್ಟೆಯ ಅಲುಗಾಟಕ್ಕೆ, ಕೆಂಪಿಗಲ್ಲ. ಎಲ್ಲ ಬಣ್ಣವೂ ಕಾಣುವ ಕಣ್ಣು ಯಾರಿಗೂ ಇಲ್ಲ.

ಬಣ್ಣ ನಿಂತಲ್ಲಿ ನಿಲ್ಲುವುದೂ ಇಲ್ಲ. ಬೆಟ್ಟದಾವರೆ ಬೆಳಿಗ್ಗೆ ಬಿಳಿ, ಮಧ್ಯಾಹ್ನ ಗುಲಾಬಿ, ಸಂಜೆ ಕೆಂಪು. ಗೌರಿ ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಅರಳುವ ಗೌರಿಹೂವು ಹಸಿರು ಹಳದಿಯಿಂದ ಶುರುವಾಗಿ ಕಿತ್ತಳೆಗೆ ತಿರುಗಿ ಕೆಂಪಾಗುತ್ತದೆ. ಕೋಣೆಯಲ್ಲಿ ಅದರ ನಾಲ್ಕು ಚಿತ್ರಗಳಿವೆ, ಒಂದೇ ಹೂವಿನ ನಾಲ್ಕು ದಿನಗಳು. ಬಣ್ಣ ಬದಲಾದದ್ದು ನನಗೆ ಅರ್ಧಂಬರ್ಧ ಕಂಡಿತು. ಎಸಳುಗಳು ದಿನದಿಂದ ದಿನಕ್ಕೆ ದಟ್ಟವಾಗುತ್ತಾ ಬಂದದ್ದು ಚೆನ್ನಾಗಿ ಕಂಡಿತು. ನಾಲ್ಕೂ ದಿನ ಅಲ್ಲಿಗೆ ಹೋಗಿ ಕೂರುವಂತೆ ಮಾಡಿದ್ದು ಅದೇ.

ಈಗ ಇದನ್ನು ಈ ವೇದಿಕೆಯಲ್ಲಿ ಹೇಳಲು ಕಾರಣವಾದ ಮಾತು. ಕೆಂಪು-ಹಸಿರಿನ ಬಣ್ಣಗುರುಡು ಯುರೋಪಿನ ಮೂಲದ ಗಂಡಸರಲ್ಲಿ ಸುಮಾರು ನೂರಕ್ಕೆ 8 ಮಂದಿಗೆ ಇದೆ. ನಮ್ಮ ದೇಶದ ಸಮೀಕ್ಷೆಗಳಲ್ಲಿ ಅದಕ್ಕಿಂತ ಕಡಿಮೆ ಕಂಡುಬಂದಿದೆ. ಹೆಂಗಸರಲ್ಲಿ ಬಹಳ ಅಪರೂಪ. ಕಡಿಮೆ ಎಂದರೂ ಐವತ್ತು ವರ್ಷದಲ್ಲಿ ಈ ಶಾಲೆಯಿಂದ ಹೊರಗೆ ಹೋದ ಹುಡುಗರಲ್ಲಿ ನಾನೊಬ್ಬನೇ ಇರಲಾರೆ. ಇದು ಎಕ್ಸ್ ವರ್ಣತಂತುವಿನಲ್ಲಿ ಬರುವ ಗುಣ. ಗಂಡಿಗೆ ಇರುವುದು ಒಂದೇ ಎಕ್ಸ್, ಅದು ತಾಯಿಯಿಂದ ಬರುತ್ತದೆ. ತಾಯಿಗೆ ಎರಡು ಎಕ್ಸ್ ಇರುವುದರಿಂದ ಒಂದರಲ್ಲಿ ಕೊರತೆಯಿದ್ದರೂ ಇನ್ನೊಂದು ಕೆಲಸ ಮಾಡುತ್ತದೆ, ಆಕೆಯ ಕಣ್ಣು ಚೆನ್ನಾಗಿಯೇ ಇರುತ್ತದೆ. ನನ್ನ ತಾಯಿಯ ತಂದೆಗೂ ಹೀಗೇ ಇತ್ತು ಎಂದು ಅಜ್ಜಿ ಹೇಳಿದ ಮೇಲೆ ತಿಳಿಯಿತು. ಇದರಲ್ಲಿ ತಾಯಿಯ ತಪ್ಪಿಲ್ಲ, ಯಾವ ಶಾಪವೂ ಇಲ್ಲ. ಹುಟ್ಟಿನಿಂದ ಬಂದದ್ದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ವಾಸಿಮಾಡುವ ಮದ್ದು ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ.

ಗುರುಗಳಲ್ಲಿ ನನ್ನ ವಿನಂತಿ ಇಷ್ಟು. ಹಸಿರು ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಿಂದ ಬರೆದದ್ದು ಇಂಥ ಮಗುವಿಗೆ ಕಾಣದು. ಬಿಳಿ ಅಥವಾ ಹಳದಿ ಬಳಸಿ. ಮೆಟ್ಟಿಲಿನ ಅಂತರ ದೊಡ್ಡದಾಗುತ್ತದೆ, ಎಲ್ಲರಿಗೂ ಕಾಣುತ್ತದೆ. ಭೂಪಟದಲ್ಲಿ ಕೆಂಪು ಪ್ರದೇಶ, ಹಸಿರು ಪ್ರದೇಶ ಎಂದು ಕೇಳುವ ಜೊತೆಗೆ ಹೆಸರೂ ಗೆರೆಯೂ ಇರಲಿ. ಗ್ರಾಫಿನಲ್ಲಿ ಒಂದು ಗೆರೆ ಉದ್ದ, ಒಂದು ಚುಕ್ಕೆಚುಕ್ಕೆ ಇರಲಿ. ಪ್ರಯೋಗಾಲಯದಲ್ಲಿ ಬಣ್ಣ ಬದಲಾದದ್ದನ್ನು ಒಬ್ಬ ಹುಡುಗ ಹೇಳದಿದ್ದರೆ ದಡ್ಡ ಎನ್ನುವ ಮೊದಲು ಒಮ್ಮೆ ಕಣ್ಣಿನ ಯೋಚನೆ ಮಾಡಿ. ಎಂಟನೇ ತರಗತಿಗೆ ಸೇರುವ ಪ್ರತಿ ಮಗುವಿಗೂ ಚುಕ್ಕೆಯ ಪುಸ್ತಕ ತೋರಿಸಿ. ನಾನು ಒಂದು ಇಶಿಹಾರಾ ಪುಸ್ತಕ ತಂದಿದ್ದೇನೆ, ಈ ಸಭೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ. ಅದನ್ನು ಬಿಸಿಲಿಗೆ ಇಡಬೇಡಿ, ಬಣ್ಣ ಮಾಸಿದರೆ ಪರೀಕ್ಷೆ ಕೆಡುತ್ತದೆ. ಸಂದೇಹ ಬಂದ ಮಗುವನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ. ಪರೀಕ್ಷೆಯನ್ನು ಒಬ್ಬೊಬ್ಬರಿಗೇ ಮಾಡಿ, ಇಡೀ ಕ್ಲಾಸಿನ ಎದುರು ಬೇಡ. ನಗುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಮಕ್ಕಳಿಗೆ ಒಂದು ಕೆಲಸ. ಶಾಲೆಯ ಸುತ್ತ, ನಿಮ್ಮ ಬೇಲಿಯಲ್ಲಿ, ಕೆರೆದಂಡೆಯಲ್ಲಿ ಯಾವ ತಿಂಗಳು ಯಾವ ಹೂವು ಅರಳುತ್ತದೆ ಎಂಬ ಪುಸ್ತಕ ಇಡಿ. ಹೂವಿನ ಪಕ್ಕ ಬಿಳಿ ಕಾಗದ ಹಿಡಿದು ಒಂದು ಚಿತ್ರ, ಹಿಡಿಯದೆ ಒಂದು ಚಿತ್ರ. ಫೋನು ಬಣ್ಣ ಏರಿಸಿ ತೋರಿಸಿದ್ದನ್ನು ನಂಬಬೇಡಿ, ಹೂವಿನ ಎದುರು ನಿಂತು ಬಣ್ಣದ ಹೆಸರು ಬರೆಯಿರಿ. ನಸುವೋ ತಿಳಿಯೋ ಕಡುವೋ, ಅದನ್ನೂ ಸೇರಿಸಿ. ದಿನಾಂಕ, ಜಾಗ, ಅಜ್ಜಿ ಹೇಳುವ ಹೆಸರು ಇರಲಿ. ಇಬ್ಬರು ಸೇರಿ ಬರೆಯಿರಿ. ಒಬ್ಬರಿಗೆ ಒಂದು ಬಣ್ಣ, ಇನ್ನೊಬ್ಬರಿಗೆ ಬೇರೆ ಬಣ್ಣ ಕಂಡರೆ ಜಗಳವಾಡಬೇಡಿ, ಎರಡನ್ನೂ ಬರೆಯಿರಿ. ವರ್ಷಕ್ಕೊಮ್ಮೆ ಆ ಚಿತ್ರಗಳನ್ನು ಒಳ್ಳೆಯ ಕಾಗದದ ಮೇಲೆ ಅಚ್ಚುಹಾಕಿಸಿ ಕಚೇರಿಯ ಬೀರುವಿನಲ್ಲಿಡಿ. ಆ ಖರ್ಚು ನಮ್ಮ 1983ರ ತಂಡದ್ದು ಎಂದು ಗೆಳೆಯರು ಒಪ್ಪಿದ್ದಾರೆ. ಐವತ್ತು ವರ್ಷದ ಮೇಲೆ ಬಣ್ಣ ಮಾಸಿದರೂ ನೀವು ಬರೆದಿಟ್ಟ ಹೆಸರು ಓದಿ, ಆ ಹೂವು ಹೇಗಿತ್ತು ಎಂದು ಅಂದಿನ ಮಕ್ಕಳು ತಿಳಿಯಲಿ.

ಸಮಯ ಮೀರಿತು ಎಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ, ಊಟದ ಪರಿಮಳವೂ ಬರುತ್ತಿದೆ.